ಬಿಟಿಎಸ್‌ನಿಂದ ಬಿಎಂಟಿಸಿವರೆಗೆ: ಬೆಂಗಳೂರಿನ ಬಸ್ ಮಾರ್ಗಗಳು ಬದಲಾದ ಬಗೆ

ಬೆಂಗಳೂರು: ಮನೆ ಹುಡುಕಿಕೊಂಡು ಬರುವ ನೆಂಟರಿಗೆ ಅಡ್ಡರಸ್ತೆಯ ಸಂಖ್ಯೆಗಿಂತ ಮೊದಲು ಬಸ್ಸಿನ ಸಂಖ್ಯೆಯನ್ನು ಹೇಳುವ ರೂಢಿ ಈ ನಗರದಲ್ಲಿ ಬಹುಕಾಲ ಇತ್ತು. ಮೆಜೆಸ್ಟಿಕ್‌ನಲ್ಲಿ ಇಂಥ ನಂಬರಿನ ಬಸ್ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ ಎಂದರೆ ಸಾಕು, ಹಾಸನದಿಂದ ಬಂದವರೂ ಕೋಲಾರದಿಂದ ಬಂದವರೂ ದಾರಿ ತಪ್ಪುತ್ತಿರಲಿಲ್ಲ. ಬಡಾವಣೆಗೊಂದು ಸಂಖ್ಯೆ, ಆ ಸಂಖ್ಯೆಗೊಂದು ಬಡಾವಣೆ ಎಂಬಂತೆ ಎರಡೂ ಅಂಟಿಕೊಂಡಿದ್ದವು. ಶಾಲೆ, ಕಾಲೇಜು, ಕಚೇರಿ, ಮದುವೆಮನೆ, ಆಸ್ಪತ್ರೆ ಎಲ್ಲಕ್ಕೂ ಅದೇ ಬಸ್.

ಆ ಸಂಖ್ಯೆಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಆದರೆ ಅವು ಹೊರಡುವ ಜಾಗ, ಹಾದುಹೋಗುವ ರಸ್ತೆ, ಹತ್ತುವ ಜನ, ತೆರುವ ದರ ಯಾವುದೂ ಹಿಂದಿನಂತಿಲ್ಲ. ಬಸ್ ಮಾರ್ಗವೊಂದು ಬದಲಾದರೆ ಅದನ್ನು ಸಂಸ್ಥೆಯ ಆಡಳಿತಾತ್ಮಕ ಸಂಗತಿ ಎಂದು ತಳ್ಳಿಹಾಕುವುದುಂಟು. ನಗರದ ಆಕಾರವೇ ಬದಲಾಗಿರುವುದರ ಮೊದಲ ಸುಳಿವು ಸಿಗುವುದು ಮಾತ್ರ ಅಲ್ಲಿಯೇ. ಬೆಂಗಳೂರಿನ ಬಸ್ ಮಾರ್ಗಗಳು ಸಾಗಿಬಂದ ದಾರಿಯ ಪರಿಚಯ ಇಲ್ಲಿದೆ.

ಖಾಸಗಿ ಕಂಪನಿಯಿಂದ ಸರ್ಕಾರಿ ಸೇವೆಗೆ

ನಗರದಲ್ಲಿ ಸಂಘಟಿತ ಬಸ್ ಸಂಚಾರ ಆರಂಭವಾದದ್ದು 1940ರಲ್ಲಿ. ಆಗ ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆಯ ಕೈಯಲ್ಲಿತ್ತು. ಬಸ್ಸುಗಳ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲ. ಅಂದಿನ ಬೆಂಗಳೂರು ಒಂದೇ ಊರೂ ಆಗಿರಲಿಲ್ಲ. ಪೇಟೆ ಮತ್ತು ಅದರ ಸುತ್ತಲಿನ ವಿಸ್ತರಣೆಗಳು ಮೈಸೂರು ಸಂಸ್ಥಾನದ ಆಡಳಿತದಲ್ಲಿದ್ದರೆ, ದಂಡುಪ್ರದೇಶ ಬ್ರಿಟಿಷರ ಅಧೀನದಲ್ಲಿತ್ತು. ಎರಡೂ ಪುರಸಭೆಗಳು ಒಂದಾಗಿ ನಗರಪಾಲಿಕೆ ಹುಟ್ಟಿದ್ದು 1949ರಲ್ಲಿ. ಕಾಗದದ ಮೇಲೆ ಒಂದಾದ ಈ ಎರಡು ಊರುಗಳನ್ನು ದಿನನಿತ್ಯದ ಬದುಕಿನಲ್ಲಿ ಬೆಸೆದ ಶ್ರೇಯಸ್ಸಿನ ದೊಡ್ಡ ಪಾಲು ಬಸ್ಸಿಗೇ ಸಲ್ಲಬೇಕು. ಕೃಷ್ಣರಾಜೇಂದ್ರ ಮಾರುಕಟ್ಟೆ ಮತ್ತು ಶಿವಾಜಿನಗರ ಇಂದಿಗೂ ನಗರದ ಎರಡು ಮುಖ್ಯ ಬಸ್ ನಿಲ್ದಾಣಗಳಾಗಿ ಉಳಿದಿರುವುದು ಆ ಹಳೆಯ ಇಬ್ಭಾಗದ ಗುರುತು.

1956ರಲ್ಲಿ ಕಂಪನಿಯನ್ನು ಸರ್ಕಾರ ವಹಿಸಿಕೊಂಡಿತು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್, ಜನರ ಬಾಯಲ್ಲಿ ಬಿಟಿಎಸ್, ಹುಟ್ಟಿದ್ದು ಹೀಗೆ. 1961ರಲ್ಲಿ ಅದು ರಾಜ್ಯ ರಸ್ತೆ ಸಾರಿಗೆ ನಿಗಮದ ಅಂಗವಾಯಿತು. 1997ರ ಆಗಸ್ಟ್ 15ರಂದು ನಿಗಮದಿಂದ ಬೇರೆಯಾಗಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಅಂದರೆ ಬಿಎಂಟಿಸಿ ಎಂಬ ಹೆಸರು ಪಡೆಯಿತು. ಹೆಸರು ಬದಲಾದ ಎಷ್ಟೋ ವರ್ಷಗಳ ನಂತರವೂ ಹಿರಿಯರು ‘ಬಿಟಿಎಸ್ ಬಸ್’ ಎಂದೇ ಹೇಳುತ್ತಿದ್ದರು, ಕೆಲವರು ಈಗಲೂ ಹೇಳುತ್ತಾರೆ. ‘ಬಿಟ್ರೆ ತಿರ್ಗಾ ಸಿಗಲ್ಲ’ ಎಂದು ಆ ಮೂರಕ್ಷರಗಳನ್ನು ಬಿಡಿಸಿ ಹೇಳುತ್ತಿದ್ದ ತಮಾಷೆ ನಗರದ ಮೂರು ತಲೆಮಾರುಗಳಿಗೆ ಗೊತ್ತು. ಬಸ್ ತಪ್ಪಿಸಿಕೊಂಡವರಿಗೆ ಉಳಿಯುತ್ತಿದ್ದದ್ದು ‘ನಟರಾಜ ಸರ್ವೀಸ್’, ಅರ್ಥಾತ್ ಕಾಲ್ನಡಿಗೆ.

ಚಕ್ರದ ನಡುವಿನ ಮೆಜೆಸ್ಟಿಕ್

ಹಳೆಯ ಮಾರ್ಗ ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಸೈಕಲ್ ಚಕ್ರವನ್ನು ನೆನೆದರೆ ಸಾಕು. ನಡುವೆ ಮೆಜೆಸ್ಟಿಕ್, ಅಲ್ಲಿಂದ ಎಲ್ಲ ದಿಕ್ಕಿಗೂ ಕಡ್ಡಿಗಳಂತೆ ಚಾಚಿದ ರಸ್ತೆಗಳು, ಒಂದೊಂದು ಕಡ್ಡಿಯ ತುದಿಯಲ್ಲೂ ಒಂದು ಬಡಾವಣೆ ಅಥವಾ ಹಳ್ಳಿ. ಬಸವನಗುಡಿಯಿಂದ ಹಲಸೂರಿಗೆ ಹೋಗಬೇಕಾದವರು ಮೆಜೆಸ್ಟಿಕ್ ಅಥವಾ ಮಾರ್ಕೆಟ್ ಮುಟ್ಟಿ ಬಸ್ ಬದಲಿಸುತ್ತಿದ್ದರು. ಚಿತ್ರಮಂದಿರವೊಂದರ ಹೆಸರು ಇಡೀ ಪ್ರದೇಶಕ್ಕೆ ಅಂಟಿಕೊಂಡು, ಕೊನೆಗೆ ಬಸ್ ನಿಲ್ದಾಣದ ಹೆಸರೇ ಆದದ್ದು ಬೆಂಗಳೂರಿನ ವೈಶಿಷ್ಟ್ಯ. ಅಧಿಕೃತವಾಗಿ ಅದು ಕೆಂಪೇಗೌಡ ಬಸ್ ನಿಲ್ದಾಣ. ಹಾಗೆಂದು ಕರೆಯುವುದು ಸಂಸ್ಥೆಯ ಪ್ರಕಟಣೆಗಳು ಮಾತ್ರ.

ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರುಣಿಸಿದ ಕೆರೆ ಬತ್ತಿದ ಮೇಲೆ ಅಲ್ಲಿ ಬಸ್ಸುಗಳು ಬಂದು ಸೇರತೊಡಗಿದವು. ಎದುರಿಗೆ ರೈಲು ನಿಲ್ದಾಣ, ಪಕ್ಕದಲ್ಲಿ ಹೊರ ಊರುಗಳ ಬಸ್ಸು, ಕೂಗಳತೆಯಲ್ಲಿ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಸಾಲು. ನಗರದ ಅರ್ಧದಷ್ಟು ಓಡಾಟ ಇಲ್ಲಿಗೇ ಬಂದು ಇಲ್ಲಿಂದಲೇ ಹೊರಡುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾಗದು. ಅಂಕಣಕ್ಕೊಂದು ದಿಕ್ಕು ಎಂಬ ವ್ಯವಸ್ಥೆ ಇದ್ದುದರಿಂದ, ತಮ್ಮ ಬಸ್ ನಿಲ್ಲುವ ಅಂಕಣವನ್ನು ಕಣ್ಣುಮುಚ್ಚಿಕೊಂಡು ಸೇರಬಲ್ಲವರು ಸಾವಿರಾರು ಮಂದಿ ಇದ್ದರು. ಮೆಟ್ರೊ ಸುರಂಗ ನಿಲ್ದಾಣಕ್ಕಾಗಿ ಇದೇ ಜಾಗವನ್ನು ಅಗೆದಾಗ ಅಂಕಣಗಳು ಅತ್ತಿತ್ತ ಸರಿದವು. ಆಗ ಹೆಚ್ಚು ಗೊಂದಲಕ್ಕೆ ಒಳಗಾದವರು ಊರಿಗೆ ಹೊಸಬರಲ್ಲ, ಮೂವತ್ತು ವರ್ಷದಿಂದ ಒಂದೇ ಅಂಕಣದಲ್ಲಿ ನಿಂತು ಅಭ್ಯಾಸವಾಗಿದ್ದ ಹಳಬರು.

ಸಂಖ್ಯೆಗಳ ಹಿಂದಿನ ಲೆಕ್ಕ

ಮಾರ್ಗ ಸಂಖ್ಯೆಗಳು ಮನಬಂದಂತೆ ಇಟ್ಟವಲ್ಲ. ಒಂದು ಮತ್ತು ಎರಡು ಅಂಕಿಯವು ಬಹುಪಾಲು ಹಳೆಯ ನಗರದ ಒಳಗಿನವು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ, ಜಯನಗರ, ರಾಜಾಜಿನಗರ. ನಗರ ಹಿಗ್ಗಿದಂತೆ ಮೂರಂಕಿಯ ಸರಣಿಗಳು ಬಂದವು. ಸ್ಥೂಲವಾಗಿ ಹೇಳುವುದಾದರೆ 200ರ ಸರಣಿಯ ಆರಂಭದವು ದಕ್ಷಿಣ ಮತ್ತು ನೈರುತ್ಯ ದಿಕ್ಕಿನವು. 210 ಎಂದರೆ ಉತ್ತರಹಳ್ಳಿ, 222ರಿಂದ 226ರವರೆಗಿನವು ಮೈಸೂರು ರಸ್ತೆಯ ಕೆಂಗೇರಿ, ಬಿಡದಿ ಕಡೆಯವು. 250ರ ನಂತರ ತುಮಕೂರು ರಸ್ತೆ, 258 ನೆಲಮಂಗಲಕ್ಕೆ. 276 ವಿದ್ಯಾರಣ್ಯಪುರಕ್ಕೆ, 280ರ ಆಸುಪಾಸಿನವು ಯಲಹಂಕದತ್ತ. 300ರ ಸರಣಿ ಪೂರ್ವ ದಿಕ್ಕನ್ನು ಹಿಡಿದು, ಹೊಸಕೋಟೆಗೆ 317, ಕಾಡುಗೋಡಿಗೆ 335 ಎಂದು ಸಾಗಿ, ಹೊಸೂರು ರಸ್ತೆಯ ಅತ್ತಿಬೆಲೆಗೆ 360, ಬನ್ನೇರುಘಟ್ಟಕ್ಕೆ 365 ಎಂದು ಆಗ್ನೇಯಕ್ಕೆ ತಿರುಗುತ್ತದೆ. 400ರ ಸರಣಿಯವು ಕೇಂದ್ರಕ್ಕೆ ಹೋಗದೆ ಬಡಾವಣೆಯಿಂದ ಬಡಾವಣೆಗೆ ಸಾಗುವವು, 500ರವು ವರ್ತುಲ ರಸ್ತೆಯವು, 600ರವು ನಗರದ ಹೊರ ಅಂಚನ್ನು ಬಳಸುವವು.

ಸಂಖ್ಯೆಯ ಮುಂದಿನ ಎ, ಬಿ, ಸಿ, ಇ ಮುಂತಾದ ಅಕ್ಷರಗಳು ಒಂದೇ ಮಾರ್ಗದ ಕವಲುಗಳು. ಬಡಾವಣೆಯ ಆಚೆಗೆ ಇನ್ನೊಂದು ಬಡಾವಣೆ ಎದ್ದಾಗ ಹಳೆಯ ಸಂಖ್ಯೆಗೆ ಹೊಸ ಅಕ್ಷರ ಸೇರಿಸುವುದು ಸಂಸ್ಥೆಯ ಕ್ರಮ. ಹೀಗಾಗಿ ಒಂದು ಸಂಖ್ಯೆಯ ಹಿಂದೆ ಬಾಲದಂತೆ ಬೆಳೆದ ಅಕ್ಷರಗಳನ್ನು ಎಣಿಸಿದರೆ ಆ ದಿಕ್ಕಿನಲ್ಲಿ ನಗರ ಎಷ್ಟು ಸಲ ಮೇರೆ ಮೀರಿತೆಂದು ತಿಳಿಯುತ್ತದೆ. ಮುಂದೆ ಈ ವ್ಯವಸ್ಥೆಯ ಮೇಲೆ ಇನ್ನೊಂದು ಪದರ ಬಂತು. ಹವಾನಿಯಂತ್ರಿತ ವಜ್ರ ಬಸ್ಸುಗಳಿಗೆ ವಿ, ಹೊರವಲಯವನ್ನು ನಗರದ ಮುಖ್ಯರಸ್ತೆಗಳಿಗೆ ಜೋಡಿಸಿದ ‘ಬಿಗ್ 10’ ಬಸ್ಸುಗಳಿಗೆ ಜಿ, ಮೆಟ್ರೊ ಸಂಪರ್ಕದ ಬಸ್ಸುಗಳಿಗೆ ಎಂಎಫ್, ವಿಮಾನ ನಿಲ್ದಾಣದವಕ್ಕೆ ಮೊದಲು ಬಿಐಎಎಸ್, ಈಗ ಕೆಐಎ. ನೆನಪಿಟ್ಟುಕೊಳ್ಳುವ ಸುಲಭ ಲೆಕ್ಕ ಅಲ್ಲಿಗೆ ತಪ್ಪಿಹೋಯಿತು.

ನೆನಪಿನಲ್ಲಿ ಉಳಿದ ಕೆಲವು ಮಾರ್ಗಗಳು

ಬೆಂಗಳೂರಿನ ಬಸ್ ಮಾರ್ಗಗಳಲ್ಲಿ ರಾಜ್ಯದ ಆಚೆಗೂ ಹೆಸರಾದದ್ದು 10ಎ. ಶ್ರೀನಗರ ಮತ್ತು ಮೆಜೆಸ್ಟಿಕ್ ನಡುವಿನ ಈ ಬಸ್ಸಿನಲ್ಲಿ 1970ರ ದಶಕದ ಆರಂಭದಲ್ಲಿ ನಿರ್ವಾಹಕರಾಗಿದ್ದವರು ಶಿವಾಜಿರಾವ್ ಗಾಯಕವಾಡ್, ಮುಂದೆ ರಜನೀಕಾಂತ್. ಟಿಕೆಟ್ ಹರಿದುಕೊಡುವ ಅವರ ವೇಗ, ಚಿಲ್ಲರೆ ಕೊಡುವ ಶೈಲಿಯ ಬಗ್ಗೆ ಹಬ್ಬಿದ ಕಥೆಗಳು ಸಿನಿಮಾ ಕಥೆಗಳಷ್ಟೇ ಇವೆ. ಅವುಗಳಲ್ಲಿ ಎಷ್ಟು ನಿಜ, ಎಷ್ಟು ಅಭಿಮಾನ ಎಂದು ಬೇರ್ಪಡಿಸುವ ಗೋಜಿಗೆ ಹೋಗದಿರುವುದೇ ಲೇಸು. 2023ರ ಆಗಸ್ಟ್‌ನಲ್ಲಿ ಅವರು ಜಯನಗರದ ಬಿಎಂಟಿಸಿ ಘಟಕಕ್ಕೆ ದಿಢೀರನೆ ಭೇಟಿ ಕೊಟ್ಟು, ಚಾಲಕರು, ನಿರ್ವಾಹಕರು ಮತ್ತು ಮೆಕ್ಯಾನಿಕ್‌ಗಳ ಜತೆ ಮಾತನಾಡಿ ಹೋದರು.

ಮಕ್ಕಳಿದ್ದ ಮನೆಗಳಲ್ಲಿ ಪ್ರಿಯವಾಗಿದ್ದದ್ದು 365. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಈ ಬಸ್ಸಿನಲ್ಲಿ ಭಾನುವಾರ ಬೆಳಿಗ್ಗೆ ಬುತ್ತಿಯ ಚೀಲ ಹಿಡಿದ ಕುಟುಂಬಗಳೇ ತುಂಬಿರುತ್ತಿದ್ದವು. ಡೇರಿ ವೃತ್ತ ದಾಟಿದರೆ ಊರು ಮುಗಿದು ಬಯಲು ಆರಂಭವಾಗುತ್ತಿದ್ದ ಕಾಲವದು. ಹುಳಿಮಾವಿನ ಮೀನಾಕ್ಷಿ ದೇವಸ್ಥಾನದ ಗೋಪುರ ದೂರದಿಂದಲೇ ಕಾಣುತ್ತಿತ್ತು. ಇಂದು ಅದೇ ರಸ್ತೆಯ ಇಕ್ಕೆಲಗಳಲ್ಲಿ ಆಸ್ಪತ್ರೆ, ಮಾಲ್, ಕಚೇರಿ, ವಸತಿ ಸಮುಚ್ಚಯಗಳ ಗೋಡೆ ಎದ್ದಿದೆ. ಜಯದೇವ ವೃತ್ತದ ಮೇಲ್ಸೇತುವೆಯನ್ನು ಮೆಟ್ರೊ ಕಾಮಗಾರಿಗಾಗಿ 2020ರ ಜನವರಿಯಲ್ಲಿ ಕೆಡವಿದ ಮೇಲೆ ಈ ಮಾರ್ಗದ ಬಸ್ಸುಗಳು ವರ್ಷಗಟ್ಟಲೆ ತೆವಳಿಕೊಂಡೇ ಸಾಗಿದವು. ಹುಲಿ, ಸಿಂಹ ನೋಡಲು ಹೊರಟವರ ಬಸ್ ಈಗ ಮುಖ್ಯವಾಗಿ ಕಚೇರಿಗೆ ಹೋಗುವವರ ಬಸ್.

335ಇ ಬೇರೆ ಬಗೆಯ ಕಥೆ. ಮೆಜೆಸ್ಟಿಕ್‌ನಿಂದ ಕಾರ್ಪೊರೇಷನ್, ರಿಚ್ಮಂಡ್ ವೃತ್ತ, ದೊಮ್ಮಲೂರು, ಎಚ್‌ಎಎಲ್, ಮಾರತ್ತಹಳ್ಳಿ, ಕುಂದಲಹಳ್ಳಿ ಗೇಟ್, ಹೋಪ್ ಫಾರ್ಮ್ ಮೂಲಕ ಕಾಡುಗೋಡಿ ಮುಟ್ಟುವ ಈ ಬಸ್ ನಗರದ ಅಡ್ಡಗಲವನ್ನೇ ಅಳೆಯುತ್ತದೆ. ಮೊದಲಿಗೆ ಇದರಲ್ಲಿ ಸಾರ್ವಜನಿಕ ಉದ್ಯಮಗಳ ನೌಕರರು, ತೋಟದ ತರಕಾರಿ ತರುತ್ತಿದ್ದ ರೈತರು, ವೈಟ್‌ಫೀಲ್ಡ್ ಕಡೆಯ ಆಶ್ರಮ ಮತ್ತು ಆಸ್ಪತ್ರೆಗೆ ಹೋಗುವವರು ಇರುತ್ತಿದ್ದರು. 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕ್ ತಲೆಯೆತ್ತಿದ ಮೇಲೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಯುವಜನರು ಹತ್ತತೊಡಗಿದರು. 2000ದ ದಶಕದ ನಡುವೆ ವೋಲ್ವೊ ಬಸ್ಸುಗಳು ನಗರಕ್ಕೆ ಬಂದಾಗ ವಿ-335ಇ ಎಂಬ ಹೊಸ ಅವತಾರ ಬಂತು. ಒಂದೇ ಮಾರ್ಗ, ಎರಡು ದರ, ಎರಡು ಬಗೆಯ ಪ್ರಯಾಣಿಕರು. ಕಿಟಕಿ ತೆರೆದ ಬಸ್ಸಿನವರೂ ಕಿಟಕಿ ಮುಚ್ಚಿದ ಬಸ್ಸಿನವರೂ ಮಾರತ್ತಹಳ್ಳಿ ಸೇತುವೆಯ ಬಳಿ ಒಂದೇ ವಾಹನದಟ್ಟಣೆಯಲ್ಲಿ ನಿಲ್ಲುತ್ತಿದ್ದರು ಎಂಬುದಷ್ಟೇ ಸಮಾನತೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ನಡುವೆ ಮೆಟ್ರೊ ಆರಂಭವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಉಳಿದ ಕೊಂಡಿಯೂ ಜೋಡಣೆಯಾಗಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರ ರೈಲು ಓಡಿತು. ಎರಡು ಗಂಟೆಯ ಬಸ್ ಪ್ರಯಾಣ ಮಾಡುತ್ತಿದ್ದವರಲ್ಲಿ ದುಡ್ಡು ಕೊಡಬಲ್ಲವರು ರೈಲಿಗೆ ಸರಿದರು.

ಇವೆಲ್ಲಕ್ಕಿಂತ ಹೊಸ ಬೆಂಗಳೂರಿನ ನಿಜವಾದ ಪ್ರತಿನಿಧಿ 500ಡಿ. ಹೆಬ್ಬಾಳದಿಂದ ಮಾನ್ಯತಾ ಟೆಕ್ ಪಾರ್ಕ್, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ, ಬೆಳ್ಳಂದೂರು ಹಾದು ಸಿಲ್ಕ್ ಬೋರ್ಡ್ ಸೇರುವ ಈ ಬಸ್ ಮೆಜೆಸ್ಟಿಕ್‌ನ ಮುಖವನ್ನೇ ನೋಡುವುದಿಲ್ಲ. ಚಕ್ರದ ಕಡ್ಡಿಗಳ ಮೇಲೆ ಓಡುತ್ತಿದ್ದ ನಗರ ಚಕ್ರದ ಅಂಚಿನ ಮೇಲೆ ಓಡತೊಡಗಿದ್ದು ಇಂಥ ಮಾರ್ಗಗಳಿಂದ. ಹೊರವರ್ತುಲ ರಸ್ತೆ ಹೊಸದಾಗಿದ್ದಾಗ ಗಾಳಿಯಂತೆ ಓಡುತ್ತಿದ್ದ ಈ ಬಸ್ ಕೆಲವೇ ವರ್ಷಗಳಲ್ಲಿ ನೂಕುನುಗ್ಗಲಿಗೆ ಇನ್ನೊಂದು ಹೆಸರಾಯಿತು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್ ಮತ್ತು ಕೆ.ಆರ್. ಪುರ ನಡುವೆ ಬಸ್ಸಿಗೆಂದೇ ಪ್ರತ್ಯೇಕ ಪಥ ಮಾಡಲಾಯಿತು. ನಗರದ ರಸ್ತೆಯೊಂದರಲ್ಲಿ ಕಾರಿಗಿಂತ ಬಸ್ಸಿಗೆ ಆದ್ಯತೆ ಸಿಕ್ಕ ಅಪರೂಪದ ಪ್ರಯೋಗ ಅದು. ಕೋವಿಡ್ ಮತ್ತು ಆ ಬಳಿಕದ ಮೆಟ್ರೊ ಕಾಮಗಾರಿಯ ನಡುವೆ ಅದು ಕಣ್ಮರೆಯಾಯಿತು. ಬಸ್ಸಿನ ವಿಷಯದಲ್ಲಿ ನಗರ ಕೈಗೊಂಡ ಒಳ್ಳೆಯ ತೀರ್ಮಾನಗಳ ಆಯುಸ್ಸು ಸಾಮಾನ್ಯವಾಗಿ ಇಷ್ಟೇ.

ಇಲ್ಲದ ಟಾಕೀಸು, ಇರುವ ಸ್ಟಾಪು

ಮಾರ್ಗ ಬದಲಾದರೂ ಬಸ್ ನಿಲ್ದಾಣಗಳ ಹೆಸರು ಸುಲಭವಾಗಿ ಬದಲಾಗುವುದಿಲ್ಲ. ನಗರದ ನಿಜವಾದ ಇತಿಹಾಸ ನಿರ್ವಾಹಕರ ಬಾಯಲ್ಲಿದೆ. ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಆದರೆ ಕೆಂಪೇಗೌಡ ರಸ್ತೆಯಲ್ಲಿ ‘ಮೈಸೂರ್ ಬ್ಯಾಂಕ್ ಯಾರ್ರೀ ಇಳಿಯೋರು’ ಎಂಬ ಕೂಗು ನಿಂತಿಲ್ಲ. ಬಿನ್ನಿ ಗಿರಣಿಯ ಸೈರನ್ ಕೇಳಿದವರು ಈಗ ಮುಪ್ಪಾಗಿದ್ದಾರೆ, ಬಿನ್ನಿಮಿಲ್ ನಿಲ್ದಾಣ ಇದೆ. ಜಯನಗರದ ನಂದಾ ಚಿತ್ರಮಂದಿರ ಇಲ್ಲ, ‘ನಂದಾ ಟಾಕೀಸ್’ ಇದೆ. ಅರಮನೆ ಗುಟ್ಟಹಳ್ಳಿ ಬಳಿಯ ಕಾವೇರಿ ಚಿತ್ರಮಂದಿರ 2024ರಲ್ಲಿ ಪರದೆ ಎಳೆಯಿತು, ಆ ಜಂಕ್ಷನ್ ಇನ್ನೂ ಕಾವೇರಿಯದೇ. ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ಪ್ರಯಾಣಿಕರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಗುರುತಿಸುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ಬಸ್ಸಿನವರಿಗೆ ಮಾತ್ರ ಕಾರ್ಪೊರೇಷನ್ ಎಂದರೆ ಇಂದಿಗೂ ಒಂದೇ.

ಐಟಿಐ ಗೇಟ್, ಬಿಇಎಂಎಲ್ ಗೇಟ್, ಎಚ್‌ಎಂಟಿ, ಬಿಇಎಲ್ ಮುಂತಾದ ನಿಲ್ದಾಣಗಳ ಹೆಸರಿನಲ್ಲಿ ಇನ್ನೊಂದು ಬೆಂಗಳೂರು ಅಡಗಿದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆರಂಭವಾದ ಸಾರ್ವಜನಿಕ ಉದ್ಯಮಗಳು ತಮ್ಮ ಕಾರ್ಮಿಕರಿಗಾಗಿ ಸ್ವಂತ ಬಸ್ಸುಗಳನ್ನೇ ಓಡಿಸುತ್ತಿದ್ದವು. ಬೆಳಗಿನ ಪಾಳಿಯ ಹೊತ್ತಿಗೆ ಮಲ್ಲೇಶ್ವರ, ರಾಜಾಜಿನಗರದ ತಿರುವುಗಳಲ್ಲಿ ಕಾರ್ಖಾನೆ ಬಸ್ಸಿಗೆ ಕಾಯುವವರ ಸಾಲು ಒಂದೆಡೆ, ಬಿಟಿಎಸ್‌ಗೆ ಕಾಯುವವರ ಸಾಲು ಇನ್ನೊಂದೆಡೆ. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. ಪಾಳಿ ಇಲ್ಲ, ಸಾಲೂ ಇಲ್ಲ.

ರಸ್ತೆಗಳ ಸ್ವರೂಪ ಬದಲಾದಾಗ ನಿಲ್ದಾಣಗಳೂ ಚದುರಿದವು. ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ ಏಕಮುಖವಾದ ಮೇಲೆ ಹೋಗುವ ಬಸ್ ಒಂದು ರಸ್ತೆಯಲ್ಲಿ, ಬರುವ ಬಸ್ ಇನ್ನೊಂದು ರಸ್ತೆಯಲ್ಲಿ. ಇಳಿದ ಜಾಗದ ಎದುರಿಗೇ ಹತ್ತುವ ಅನುಕೂಲ ತಪ್ಪಿತು. ಮಾರುಕಟ್ಟೆಯಿಂದ ಸಿರ್ಸಿ ವೃತ್ತದವರೆಗಿನ ಮೇಲ್ಸೇತುವೆ 1999ರಲ್ಲಿ ಬಳಕೆಗೆ ಬಂದಾಗ ಮೈಸೂರು ರಸ್ತೆಯ ಪ್ರಯಾಣಿಕರು ಹೊಸ ಪ್ರಶ್ನೆಯೊಂದನ್ನು ಕಲಿತರು: ‘ಮೇಲೆ ಹೋಗತ್ತಾ, ಕೆಳಗೆ ಹೋಗತ್ತಾ?’ ಚಾಮರಾಜಪೇಟೆಯಲ್ಲಿ ಇಳಿಯಬೇಕಾದವರಿಗೆ ಮೇಲೆ ಹೋಗುವ ಬಸ್ ಯಮನ ಬಸ್ಸೇ. ಇನ್ನು ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯ ಬಸ್ಸುಗಳು ದಾರಿ ಬದಲಿಸುವುದುಂಟು. ಆ ಬದಲಾವಣೆಯ ಬಗ್ಗೆ ಬಸವನಗುಡಿಯಲ್ಲಿ ಯಾರೂ ಗೊಣಗುವುದಿಲ್ಲ.

ಕೆಂಪು, ಕಾಫಿ, ನೀಲಿ

ಬಿಟಿಎಸ್ ಕಾಲದ ಬಸ್ಸು ಕೆಂಪು. ಎರಡು ಅಂತಸ್ತಿನ ಡಬಲ್ ಡೆಕ್ಕರ್‌ಗಳು 1990ರ ದಶಕದವರೆಗೂ ನಗರದಲ್ಲಿದ್ದವು. ಮೇಲಂತಸ್ತಿನ ಮುಂದಿನ ಸೀಟಿಗಾಗಿ ಮಕ್ಕಳ ಜಗಳ, ಸಾಲುಮರದ ಕೊಂಬೆಗಳು ಕಿಟಕಿಗೆ ತಾಗುವ ಸದ್ದು ಆ ತಲೆಮಾರಿನವರ ಸಮಾನ ನೆನಪು. ಚಾಲಕರೇ ಟಿಕೆಟ್ ಕೊಡುವ, ಕಾಫಿ ಬಣ್ಣದ ಪುಷ್ಪಕ್ ಬಸ್ಸುಗಳು ಬಂದದ್ದು ನಂತರ. ಆಮೇಲೆ ನೀಲಿ-ಬಿಳಿ ಬಣ್ಣ, ವೋಲ್ವೊ, ನೆಲಮಟ್ಟ ತಗ್ಗಿರುವ ಬಸ್ಸು, ಕೆಲವು ವರ್ಷಗಳಿಂದ ವಿದ್ಯುತ್ ಚಾಲಿತ ಬಸ್ಸು. ಸದ್ದಿಲ್ಲದೆ ಬಂದು ನಿಲ್ಲುವ ವಿದ್ಯುತ್ ಬಸ್ಸಿಗೆ ಹಳಬರು ಇನ್ನೂ ಒಗ್ಗಿಕೊಳ್ಳಬೇಕಿದೆ. ತಿರುವಿನ ಆಚೆಯಿಂದಲೇ ಎಂಜಿನ್ ಸದ್ದು ಕೇಳಿ ಚಪ್ಪಲಿ ಮೆಟ್ಟಿ ಮನೆಯಿಂದ ಓಡಿಬರುತ್ತಿದ್ದವರು ಅವರು.

ಟಿಕೆಟ್ಟಿನದು ಒಂದು ಪ್ರತ್ಯೇಕ ಅಧ್ಯಾಯ. ದರಕ್ಕೊಂದು ಬಣ್ಣದ ತೆಳು ಕಾಗದದ ಚೀಟಿಗಳ ಕಟ್ಟು, ಚರ್ಮದ ಚೀಲ, ಬಾಯಲ್ಲಿ ಸೀಟಿ. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಬೆನ್ನಿಗೆ ಬಾಕಿ ಮೊತ್ತ ಬರೆದುಕೊಡುವ ಪದ್ಧತಿ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಕೇಳಲು ಮರೆತವರ ಹಣ ಎಲ್ಲಿಗೆ ಹೋಯಿತೆಂಬುದು ನಗರದ ಹಳೆಯ ಒಗಟು. ಯಂತ್ರದಿಂದ ಮುದ್ರಿಸಿ ಕೊಡುವ ಟಿಕೆಟ್ ಬಂದ ಮೇಲೆ ಬಣ್ಣ ಹೋಯಿತು. ಬಸ್ಸಿನಲ್ಲೇ ಕ್ಯೂಆರ್ ಕೋಡ್ ಅಂಟಿಸಿ ಮೊಬೈಲಿನಿಂದ ಹಣ ಕಟ್ಟುವ ವ್ಯವಸ್ಥೆ ಬಂದ ಮೇಲೆ ಚಿಲ್ಲರೆ ಜಗಳವೂ ಬಹುಮಟ್ಟಿಗೆ ನಿಂತಿತು. ಇದು ಯಾರೂ ಮರಳಿ ಬಯಸದ ನೆನಪು.

‘ರೈಟ್ ರೈಟ್’, ‘ಹೋಲ್ಡಾನ್’, ‘ಒಳಗಡೆ ಹೋಗ್ರಿ’, ‘ಪಾಸಾ?’ ಎಂಬ ನಿರ್ವಾಹಕರ ಭಾಷೆ ಬೇರೆ ಊರುಗಳಿಂದ ಬಂದವರಿಗೆ ಮೊದಲ ಕನ್ನಡ ಪಾಠವಾಗಿತ್ತು. ಬಸ್ಸಿನ ಹಣೆಯ ಮೇಲಿನ ಕನ್ನಡ ಅಂಕಿಗಳನ್ನು ಓದಲು ಕಲಿತವರೂ ಅನೇಕರು. ಮಿನುಗುವ ಫಲಕ, ಧ್ವನಿಮುದ್ರಿತ ಪ್ರಕಟಣೆಗಳು ಬಂದಿವೆ. ಆದರೂ ಯಂತ್ರದ ಧ್ವನಿ ಹೇಳುವ ನಿಲ್ದಾಣಕ್ಕಿಂತ ನಿರ್ವಾಹಕರು ಕೂಗುವ ನಿಲ್ದಾಣವನ್ನೇ ಪ್ರಯಾಣಿಕರು ನಂಬುತ್ತಾರೆ.

ಮೆಟ್ರೊ ಬಂದ ಮೇಲೆ

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ ಮೆಟ್ರೊ ರೈಲು ಓಡಿದ ದಿನದಿಂದ ನಗರದ ಬಸ್ ಮಾರ್ಗಗಳ ಲೆಕ್ಕಾಚಾರ ಬದಲಾಗುತ್ತ ಬಂದಿದೆ. 2017ರಲ್ಲಿ ಮೊದಲ ಹಂತ ಪೂರ್ಣಗೊಂಡಿತು. 2021ರಲ್ಲಿ ಕೆಂಗೇರಿ ಮತ್ತು ಕನಕಪುರ ರಸ್ತೆ, 2023ರಲ್ಲಿ ವೈಟ್‌ಫೀಲ್ಡ್, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ. ಹಳೆಯ ಚಕ್ರದ ಕಡ್ಡಿಗಳು ಇದ್ದ ದಿಕ್ಕುಗಳಿಗೇ ರೈಲು ಚಾಚಿಕೊಂಡಿದೆ. ಸಮಾನಾಂತರವಾಗಿ ಉದ್ದದ ಬಸ್ ಓಡಿಸುವುದು ದುಂದು, ರೈಲು ನಿಲ್ದಾಣದಿಂದ ಬಡಾವಣೆಯೊಳಕ್ಕೆ ಚಿಕ್ಕ ಬಸ್ ಓಡಿಸುವುದೇ ಜಾಣತನ ಎಂಬುದು ಸಾರಿಗೆ ತಜ್ಞರ ವಾದ. ನಕಾಶೆಯ ಮೇಲೆ ಈ ವಾದಕ್ಕೆ ಉತ್ತರವಿಲ್ಲ.

ಉತ್ತರ ಇರುವುದು ಪ್ರಯಾಣಿಕರ ಜೇಬಿನಲ್ಲಿ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್ ಪಡೆದು ಸಂಚರಿಸುತ್ತಾರೆ. ಈ ಸೌಲಭ್ಯ ಹವಾನಿಯಂತ್ರಿತ ಬಸ್ಸಿಗಿಲ್ಲ, ಮೆಟ್ರೊಗೂ ಇಲ್ಲ. ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ, ನಾಲ್ಕಾರು ಮನೆಗಳಲ್ಲಿ ಕೆಲಸ ಮಾಡುವ ತಾಯಂದಿರಿಗೆ ನೇರ ಬಸ್ ತಪ್ಪಿದರೆ ಅದು ಬರೀ ನೆನಪಿನ ನಷ್ಟವಲ್ಲ. ಎರಡು ಬಸ್ ಬದಲಿಸುವುದೆಂದರೆ ಎರಡು ಕಡೆ ಕಾಯುವುದು, ಪಾಳಿಗೆ ತಡವಾದರೆ ಸಂಬಳ ಕಡಿತ. ರೈಲು ಹತ್ತಿದರೆ ಇದುವರೆಗೆ ಇಲ್ಲದ ಖರ್ಚು. ಮೆಟ್ರೊ ಬಂದ ದಿಕ್ಕಿನಲ್ಲಿ ಬಸ್ ಕಡಿಮೆ ಮಾಡುವ ಮುನ್ನ ಈ ಲೆಕ್ಕವನ್ನೂ ಬರೆದುಕೊಳ್ಳುವುದು ನ್ಯಾಯ. ಹಿರಿಯ ನಾಗರಿಕರ ಕಷ್ಟ ಇನ್ನೊಂದು ಬಗೆಯದು. ಮನೆಯ ಬಳಿ ಹತ್ತಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಯುತ್ತಿದ್ದವರಿಗೆ ನಡುವೆ ಮೆಟ್ಟಿಲು, ಸೇತುವೆ, ಇನ್ನೊಂದು ನಿಲ್ದಾಣ ಬಂದರೆ ಆಟೊ ಒಂದೇ ದಾರಿ.

ಬಸ್ಸುಗಳ ಸಂಖ್ಯೆಯೂ ನಗರದ ಬೆಳವಣಿಗೆಗೆ ಹೆಜ್ಜೆ ಹಾಕಿಲ್ಲ. 1981ರಲ್ಲಿ ಸುಮಾರು 29 ಲಕ್ಷ ಇದ್ದ ಜನಸಂಖ್ಯೆ 2011ರ ಗಣತಿಯಲ್ಲಿ ಪಾಲಿಕೆಯ ವ್ಯಾಪ್ತಿಯಲ್ಲೇ 84 ಲಕ್ಷ ದಾಟಿತ್ತು. ಬಿಎಂಟಿಸಿ ಬೇರೆಯಾದಾಗ ಸುಮಾರು ಎರಡು ಸಾವಿರ ಇದ್ದ ಬಸ್ಸುಗಳು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಆರು ಸಾವಿರ ಮೀರಿದವು. ಸಂಸ್ಥೆಯ ಸುವರ್ಣಕಾಲ ಅದೇ. ಆ ಬಳಿಕ ಸುಮಾರು ಒಂದು ದಶಕ ಸಂಖ್ಯೆ ಹೆಚ್ಚೂಕಡಿಮೆ ಅಲ್ಲಿಯೇ ನಿಂತಿತು. ಅದೇ ಅವಧಿಯಲ್ಲಿ ನಗರದ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿದವು. 2020ರ ಲಾಕ್‌ಡೌನ್‌ನಲ್ಲಿ ನಿಂತು ಮೇ 19ರಂದು ಮತ್ತೆ ರಸ್ತೆಗಿಳಿದ ಬಸ್ಸುಗಳಲ್ಲಿ ಮೊದಲಿಗೆ ಪಾಸ್ ಇದ್ದವರಿಗೆ ಮಾತ್ರ ಪ್ರವೇಶವಿತ್ತು. ದ್ವಿಚಕ್ರ ವಾಹನ ಕೊಂಡ ಬಹಳಷ್ಟು ಮಂದಿ ಮತ್ತೆ ಬಸ್ಸಿನತ್ತ ತಿರುಗಲಿಲ್ಲ. ಇಂದು ಸುಮಾರು 7 ಸಾವಿರ ಬಸ್ಸುಗಳು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಹೊರುತ್ತಿವೆ. ಎಷ್ಟೇ ಮೆಟ್ರೊ ಬಂದರೂ ನಗರವನ್ನು ಹೊತ್ತು ಸಾಗುತ್ತಿರುವುದು ಇನ್ನೂ ಬಸ್ಸೇ ಎಂಬುದನ್ನು ಈ ಅಂಕಿಯೊಂದೇ ಹೇಳುತ್ತದೆ.

ಹಳೆಯ ಮಾರ್ಗ ಹುಡುಕುವವರಿಗೆ

ಬಹುಕಾಲದ ನಂತರ ಬಸ್ ಹತ್ತಲು ಹೊರಟವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಜಯನಗರ 4ನೇ ಬ್ಲಾಕ್, ಶಾಂತಿನಗರ, ವಿಜಯನಗರ, ಬನಶಂಕರಿ, ದೊಮ್ಮಲೂರು, ಯಶವಂತಪುರ, ಕೆಂಗೇರಿ ಮುಂತಾದೆಡೆ ಈಗಿರುವುದು ಟಿಟಿಎಂಸಿ ಎಂದು ಕರೆಯಲಾಗುವ ಬಹುಮಹಡಿ ಬಸ್ ನಿಲ್ದಾಣಗಳು. ಅಲ್ಲಿ ಬಸ್ ಹಳೆಯ ಜಾಗದಲ್ಲೇ ಸಿಗುತ್ತದೆ ಎಂದು ಭಾವಿಸುವಂತಿಲ್ಲ. ಕಲಾಸಿಪಾಳ್ಯದ ನಿಲ್ದಾಣವೂ 2023ರಲ್ಲಿ ಹೊಸ ಕಟ್ಟಡ ಕಂಡಿದೆ. ಅದೇ ವರ್ಷ ಬಂದ ‘ನಮ್ಮ ಬಿಎಂಟಿಸಿ’ ಮೊಬೈಲ್ ಆ್ಯಪ್‌ನಲ್ಲಿ ಮಾರ್ಗ ಸಂಖ್ಯೆ ನಮೂದಿಸಿದರೆ ಆ ಬಸ್ ಸದ್ಯ ಎಲ್ಲಿದೆ ಎಂದು ನೋಡಬಹುದು.

2025ರ ಜನವರಿ 5ರಿಂದ ಜಾರಿಗೆ ಬಂದ ಶೇ 15ರ ಪರಿಷ್ಕರಣೆಯಲ್ಲಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 6 ರೂಪಾಯಿ, ದಿನದ ಪಾಸು 70ರಿಂದ 80 ರೂಪಾಯಿ, ತಿಂಗಳ ಪಾಸು 1,050ರಿಂದ 1,200 ರೂಪಾಯಿ ಆಯಿತು. ದಿನದ ಪಾಸು ಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಮೂರು ನಾಲ್ಕು ಹಳೆಯ ಮಾರ್ಗಗಳಲ್ಲಿ ತುದಿಯಿಂದ ತುದಿಗೆ ಹೋಗಿ ಬರುವುದು ಕಷ್ಟವಲ್ಲ. ಮೂಲ ಸಂಖ್ಯೆಯ ಬಸ್ ಸಿಗದಿದ್ದರೆ ಅದೇ ಸಂಖ್ಯೆಗೆ ಅಕ್ಷರ ಸೇರಿದ ಕವಲು ಮಾರ್ಗವನ್ನು ವಿಚಾರಿಸಬಹುದು. ಕೊನೆಯ ನಿಲ್ದಾಣ ಮೊದಲಿದ್ದಲ್ಲಿಗಿಂತ ಮುಂದಕ್ಕೆ ಹೋಗಿರುವ ಸಾಧ್ಯತೆ ಇರುವುದರಿಂದ, ಹತ್ತುವಾಗಲೇ ಇಳಿಯುವ ಜಾಗದ ಹೆಸರನ್ನು ನಿರ್ವಾಹಕರಿಗೆ ತಿಳಿಸಿಡುವುದು ಒಳ್ಳೆಯದು. ಹಳೆಯ ಹೆಸರನ್ನೇ ಹೇಳಿದರೂ ಅವರಿಗೆ ಗೊತ್ತಾಗುತ್ತದೆ.